ಸಂದರ್ಶನದ ಮೇಜಿನ ಮೇಲಿದ್ದ ಮೆಗ್ಗರ್

ಮೋಟಾರು ಸುಟ್ಟ ವಾಸನೆ ಎಲ್ಲಿ ಬಂದರೂ ಈಗಲೂ ನನ್ನ ಕಾಲು ನಿಲ್ಲುತ್ತದೆ. ಹಾನಗಲ್ಲಿನ ಪೇಟೆಗೆ ಕಾಯಿಪಲ್ಯೆ ತರಲು ಹೋದವಳು ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಅಂಗಡಿಯ ಮುಂದೆ ನಿಂತುಬಿಡುತ್ತೇನೆ. ಅಂಗಡಿಯವರು ಏನು ಬೇಕಾಗಿತ್ತು ಎಂದು ಕೇಳುತ್ತಾರೆ. ಏನೂ ಬೇಡಪ್ಪ, ವಾಸನೆ ಬೇಕಾಗಿತ್ತು ಎಂದು ಹೇಳುವುದು ಹೇಗೆ? ಸುಮ್ಮನೆ ಟೆಸ್ಟರ್ ಒಂದನ್ನು ಕೊಂಡು ಬರುತ್ತೇನೆ. ಮನೆಯಲ್ಲಿ ಈಗ ಟೆಸ್ಟರುಗಳಿಗೆ ಬರವಿಲ್ಲ.

ಎಲೆಕ್ಟ್ರಿಷಿಯನ್ ಕೆಲಸ ಕಲಿಸುವುದು ನನ್ನ ವೃತ್ತಿಯಾಗಿತ್ತು. ಒಂದು ಸಂಸ್ಥೆ ನಮ್ಮ ಭಾಗದಲ್ಲಿ ನಡೆಸುತ್ತಿದ್ದ ತರಬೇತಿ ಕೇಂದ್ರಗಳಲ್ಲಿ ಹಿರೇಕೆರೂರು, ಸವಣೂರು, ಶಿಗ್ಗಾವಿ, ಕಡೆಗೆ ಹಾನಗಲ್ಲು ಎಂದು ಸುತ್ತಿದೆ. ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬಿಟ್ಟುಬಿಡುತ್ತೇನೆ, ಅದು ನಮ್ಮ ಮನೆಯವರಿಗೇ ನೆನಪಿಲ್ಲ. ಕಲಿಸುವುದರ ಜೊತೆಗೆ ಇನ್ನೊಂದು ಕೆಲಸ ಹೇಗೋ ನನ್ನ ಕೊರಳಿಗೆ ಬಿತ್ತು. ನಮ್ಮ ಮಕ್ಕಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಯಾವ ಕಂಪನಿ ಬಂದರೂ ಸಂದರ್ಶನದಲ್ಲಿ ಅವರ ಪಕ್ಕ ಕೂರಲು ನನ್ನನ್ನೇ ಕರೆಯುತ್ತಿದ್ದರು. ನಿವೃತ್ತಿಯ ಮೇಲೂ ಆ ಕರೆ ನಿಲ್ಲಲಿಲ್ಲ.

ಈಚೆಗೆ ನಮ್ಮ ಕೇಂದ್ರಕ್ಕೆ ಹೊಸದಾಗಿ ಸೇರಿದ ಸುಜಾತಾ ಎಂಬ ಶಿಕ್ಷಕಿ ಮನೆಗೆ ಬಂದಿದ್ದಳು. ಸಂದರ್ಶನಕ್ಕೆ ಹೋಗುವ ಮಕ್ಕಳು ಎಐ ಬಳಸಬಹುದೇ, ಬಳಸಿದರೆ ಎಲ್ಲಿಯವರೆಗೆ ಎಂದು ಕೇಳಿದಳು. ಚಹಾ ಮುಗಿಯುವಷ್ಟರಲ್ಲಿ ಹೇಳಿ ಮುಗಿಸುವ ವಿಷಯ ಅದಾಗಿರಲಿಲ್ಲ. ಅವಳಂಥವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಮೊದಲ ಊರು ಹಿರೇಕೆರೂರು. ಅಲ್ಲಿ ನನ್ನ ಮೇಲಿದ್ದವರು ಫೋರ್ಮನ್ ಮೌಲಾಸಾಹೇಬರು, ಮೂಲತಃ ಸವಣೂರಿನವರು. ಬಾಯಲ್ಲಿ ಸದಾ ತಮ್ಮೂರಿನ ವೀಳ್ಯದೆಲೆ ಇರುತ್ತಿತ್ತು. ಬೇರೆ ಊರಿನ ಎಲೆ ಕೊಟ್ಟರೆ ಮೂಸಿ ನೋಡಿ ವಾಪಸು ಕೊಡುತ್ತಿದ್ದರು. ಪ್ರಾಯೋಗಿಕ ಪರೀಕ್ಷೆಯಲ್ಲಿ ಅವರದೊಂದು ಪದ್ಧತಿ ಇತ್ತು. ಮೂರು ಫೇಸಿನ ಮೋಟಾರಿನ ಆರು ತಂತಿಯ ತುದಿಗಳನ್ನು ಗುರುತು ಅಳಿಸಿ ಮುಂದಿಡುತ್ತಿದ್ದರು. ಯಾವುದಕ್ಕೆ ಯಾವುದು ಜೋಡಿ ಎಂದು ಹುಡುಕಿ ತೆಗೆಯಬೇಕು. ತಿಳಿಯದಿದ್ದರೆ ಅವರನ್ನೇ ಒಂದು ಮಾತು ಕೇಳಬಹುದಾಗಿತ್ತು. ಆದರೆ ಎಲ್ಲರಿಗೂ ಕೇಳಿಸುವಂತೆ ಕೇಳಬೇಕು. ಅವರು ಉತ್ತರ ಹೇಳುತ್ತಿದ್ದರು, ಅದು ಖರೆಯೋ ಸುಳ್ಳೋ ಎಂದು ಕೇಳಿದವನೇ ಬಲ್ಬು ಹಚ್ಚಿ ತೋರಿಸಬೇಕಾಗಿತ್ತು. ಕೆಲವೊಮ್ಮೆ ಸಾಹೇಬರು ಬೇಕಂತಲೇ ತಪ್ಪು ಹೇಳುತ್ತಿದ್ದರು.

ಹೊಸದರಲ್ಲಿ ನನಗೆ ಇದು ಸರಿಕಾಣಲಿಲ್ಲ. ಪರೀಕ್ಷೆಯಲ್ಲಿ ಉತ್ತರ ಹೇಳಿಕೊಡುವುದೆಂದರೇನು? ಒಂದು ದಿನ ಧೈರ್ಯ ಮಾಡಿ ಹೇಳಿಯೇಬಿಟ್ಟೆ. ಸಾಹೇಬರು ಎಲೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು.

"ಬಾಯಾರ, ನಾಳೆ ಇವ್ರು ಕೆಲಸಕ್ಕ ಹೋದ್ರ ಯಾರನ್ನೂ ಕೇಳಲಾರದ ಮಾಡ್ತಾರೇನ್ರಿ? ಕೇಳ್ಲಿ. ಕದ್ದು ಕೇಳೋ ಚಟಾ ಒಂದು ಬಿಡಸ್ರಿ, ಮತ್ತ ಕೇಳಿದ್ದನ್ನ ಹಂಗ ನುಂಗೋ ಚಟಾ ಒಂದು ಬಿಡಸ್ರಿ. ಅಷ್ಟಾದ್ರ ಸಾಕು."

ಆಗ ನನಗೆ ಅರ್ಧ ಮಾತ್ರ ಅರ್ಥವಾಯಿತು. ಉಳಿದರ್ಧ ಅರ್ಥವಾಗುವ ಹೊತ್ತಿಗೆ ಸಾಹೇಬರು ಇರಲಿಲ್ಲ. ಅವರ ಮಣ್ಣಿಗೆ ಸವಣೂರಿಗೆ ಹೋದಾಗ ಅವರ ಕೈಯಲ್ಲಿ ಕಲಿತ ಎಷ್ಟೋ ಜನ ಲೈನ್‌ಮನ್ನರು, ವೈಂಡಿಂಗ್ ಅಂಗಡಿಯವರು ಬೇರೆ ಬೇರೆ ಊರುಗಳಿಂದ ಬಂದಿದ್ದರು.

ಶಿಗ್ಗಾವಿಗೆ ಬಂದ ಮೇಲೆ ಕಂಪನಿಗಳು ಕೇಂದ್ರಕ್ಕೇ ಬಂದು ಆರಿಸಿಕೊಳ್ಳುವುದು ಶುರುವಾಯಿತು. ಆಗ ಮಕ್ಕಳ ದೇವರು ಗೈಡು. ಪ್ರಶ್ನೋತ್ತರದ ಒಂದು ತೆಳ್ಳನೆಯ ಪುಸ್ತಕವನ್ನು ಇಡೀ ತಂಡ ಬಾಯಿಪಾಠ ಮಾಡಿಕೊಂಡು ಬಂದಿತ್ತು. ಬಂದ ಅಧಿಕಾರಿ ಮೊದಲನೆಯವನಿಗೆ ಅರ್ಥಿಂಗ್ ಬಗ್ಗೆ ಕೇಳಿದರು. ನೆಲಕ್ಕೆ ಕರೆಂಟು ಇಳಿಯುವ ದಾರಿಯಲ್ಲಿ ತಡೆ ಎಷ್ಟು ಕಡಿಮೆಯೋ ಅಷ್ಟು ಸುರಕ್ಷಿತ, ಇದು ಮೊದಲ ತಿಂಗಳ ಪಾಠ. ಹುಡುಗ ಎದೆಯುಬ್ಬಿಸಿ, ತಡೆ ಹೆಚ್ಚಿದ್ದಷ್ಟೂ ಉತ್ತಮ ಎಂದ. ನಾನು ಗಾಬರಿಯಾದೆ. ಎರಡನೆಯವನೂ ಅದನ್ನೇ ಹೇಳಿದ, ಮೂರನೆಯವನೂ. ಗೈಡಿನಲ್ಲಿ ಹಾಗೆ ಅಚ್ಚಾಗಿತ್ತು. ಅಧಿಕಾರಿ ಪ್ರತಿಯೊಬ್ಬರಿಗೂ ಅದೇ ಪ್ರಶ್ನೆ ಕೇಳುತ್ತ, ಮಂಡಕ್ಕಿ ತಿನ್ನುತ್ತ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ನಗಲಿಲ್ಲ. ಅವರು ಹೋದ ಮೇಲೆ ಮಕ್ಕಳನ್ನು ಕೂರಿಸಿ ಬಾಯಿಗೆ ಬಂದಂತೆ ಬೈದೆ. ಈಗ ನೆನೆದರೆ ನನಗೂ ನಗು ಬರುತ್ತದೆ. ಪಾಪ, ಒಬ್ಬನಾದರೂ ತಾನು ಕಲಿತದ್ದನ್ನು ನಂಬಬಾರದಾಗಿತ್ತೇ?

ನಾನು ಹಾನಗಲ್ಲಿನಲ್ಲಿದ್ದಾಗ ಗೈಡು ಹೋಯಿತು, ಫೋನು ಬಂತು, ಅದರ ಬೆನ್ನಿಗೇ ಎಐ ಬಂತು. ಹೊಸದರಲ್ಲಿ ನನಗೆ ಅದರ ಮೇಲೆ ಇದ್ದ ಸಿಟ್ಟು ಅಷ್ಟಿಷ್ಟಲ್ಲ. ಒಂದು ಮಧ್ಯಾಹ್ನ ವರ್ಕ್‌ಶಾಪಿನ ಮೂಲೆಯಲ್ಲಿ ನಾಲ್ಕಾರು ಹುಡುಗಿಯರು ಫೋನಿನ ಸುತ್ತ ಕುಳಿತಿದ್ದರು. ಫೋನು ಅವರಿಗೆ ಸಂದರ್ಶನದ ಪ್ರಶ್ನೆ ಕೇಳುತ್ತಿತ್ತು, ಅದೂ ಕನ್ನಡದಲ್ಲಿ. ನಾನು ಬೈಯಲೆಂದೇ ಹೋದವಳು ಅಲ್ಲೇ ಸ್ಟೂಲಿನ ಮೇಲೆ ಕುಳಿತೆ. ಪ್ರಶ್ನೆಗಳು ಚೆನ್ನಾಗಿದ್ದವು, ಕೆಲವನ್ನು ನಾನೂ ಕೇಳಿರಲಿಲ್ಲ. ಆದರೆ ಯಾರು ಏನು ಹೇಳಿದರೂ ಅದು "ಅದ್ಭುತವಾದ ಉತ್ತರ" ಎಂದು ಶುರುಮಾಡುತ್ತಿತ್ತು. ನನ್ನ ಇಡೀ ನೌಕರಿಯಲ್ಲಿ ನಾನು ಯಾರಿಗೂ ಅಷ್ಟು ಹೊಗಳಿಕೆ ಕೊಟ್ಟಿರಲಿಲ್ಲ. ನನಗೆ ತಡೆಯಲಾಗಲಿಲ್ಲ. ಹೊಗಳಬೇಡ, ನನ್ನ ಉತ್ತರದಲ್ಲಿ ಎಲ್ಲಿ ತಪ್ಪಿದೆ, ಎಲ್ಲಿ ಕೊರತೆಯಿದೆ ಹುಡುಕು ಎಂದು ಅದಕ್ಕೆ ಹೇಳಲು ಹುಡುಗಿಯರಿಗೆ ಹೇಳಿದೆ. ಹೇಳಿದ ಮೇಲೆ ಅದು ಒಳ್ಳೆಯ ಶಿಕ್ಷಕನಂತೆ ಕಿವಿ ಹಿಂಡತೊಡಗಿತು. ಹುಡುಗಿಯರ ಮುಖ ಬಾಡಿತು, ನನಗೆ ಸಮಾಧಾನವಾಯಿತು. ಅಂದಿನಿಂದ ತಯಾರಿಗೆ ಅದನ್ನು ಬಳಸುವವರನ್ನು ನಾನು ತಡೆದಿಲ್ಲ. ಅದು ಹೇಳಿದ್ದನ್ನು ಬೆಂಚಿನ ಮೇಲೆ ಮಾಡಿ ನೋಡಿ ಎಂದಷ್ಟೇ ಪೀಡಿಸಿದ್ದೇನೆ.

ಆಮೇಲೆ ಸಂದರ್ಶನಗಳೂ ವಿಡಿಯೋಗೆ ಬಂದವು. ನಮ್ಮ ಕಡೆ ಯಾರನ್ನು ಕಂಡರೂ ಮೊದಲು ಊಟ ಕೇಳುವುದು ರೂಢಿ. ಸಂದರ್ಶನವಾದರೂ ನಾನು ಅದನ್ನು ಬಿಟ್ಟವಳಲ್ಲ. ರಟ್ಟೀಹಳ್ಳಿಯ ಹುಡುಗನೊಬ್ಬ ಪರದೆಯ ಮೇಲೆ ಬಂದ. ಇಸ್ತ್ರಿ ಅಂಗಿ, ಗಟ್ಟಿ ಮುಖ. "ಊಟ ಆತೇನಪಾ?" ಎಂದೆ. ಅವನ ಕಣ್ಣು ಪಕ್ಕಕ್ಕೆ ಸರಿಯಿತು. ಸ್ವಲ್ಪ ತಡೆದು, ಓದುವ ದನಿಯಲ್ಲಿ, "ಊಟವು ಮಾನವನ ದೇಹಕ್ಕೆ ಅಗತ್ಯವಾದ ಶಕ್ತಿಯನ್ನು ಒದಗಿಸುತ್ತದೆ" ಎಂದ. ಹೇಳಿ ಮುಗಿಸಿದ ಮೇಲೆ ತಾನೇನು ಹೇಳಿದೆ ಎಂದು ಅವನಿಗೇ ತಿಳಿದು ಬಾಯಿ ಮುಚ್ಚಿಕೊಂಡ. ನಮ್ಮ ಮಾತು ಕೇಳಿಸಿಕೊಂಡು ಪಕ್ಕದಲ್ಲಿ ಉತ್ತರ ಬರೆದು ತೋರಿಸುವ ವ್ಯವಸ್ಥೆ ಮಾಡಿಕೊಂಡಿದ್ದ. ಅದಕ್ಕೆ ನನ್ನ ಊಟದ ಪ್ರಶ್ನೆಯೂ ಪರೀಕ್ಷೆಯ ಪ್ರಶ್ನೆಯೇ ಆಗಿತ್ತು. ಅದನ್ನು ತೆಗೆದಿಟ್ಟು, ಖರೇನೇ ಉಂಡು ಬಾ ಎಂದು ಕಳಿಸಿದೆ. ಮಧ್ಯಾಹ್ನ ಬಂದ. ಅರ್ಧ ಉತ್ತರ ತಪ್ಪು, ಆದರೆ ಆ ತಪ್ಪುಗಳು ಅವನವೇ ಆಗಿದ್ದವು. ಕೆಲಸ ಸಿಗಲಿಲ್ಲ. ಸಿಟ್ಟು ಮಾಡಿಕೊಳ್ಳದೆ, ಹಬ್ಬಕ್ಕೆ ಈಗಲೂ ಫೋನು ಮಾಡುತ್ತಾನೆ. ನಾನೂ ಮೊದಲು ಊಟವನ್ನೇ ಕೇಳುತ್ತೇನೆ.

ಇವೆಲ್ಲ ನಗುವ ಸಂಗತಿಗಳು. ಸುಜಾತಾ ಕೇಳಿದ್ದಕ್ಕೆ ನಿಜವಾದ ಉತ್ತರ ರೇಶ್ಮಾಳ ಸಂಗತಿ. ಅದನ್ನು ಹೇಳಲು ನನಗೆ ಈಗಲೂ ಸಂಕಟವಾಗುತ್ತದೆ.

ರೇಶ್ಮಾ ಹುಲಗೂರಿನ ಹುಡುಗಿ, ನಾನು ಕಲಿಸಿದ ಕಡೆಯ ತಂಡದವಳು. ಅವರ ಮಾಮಾನದು ವೈಂಡಿಂಗ್ ಅಂಗಡಿ. ಕೇಂದ್ರಕ್ಕೆ ಸೇರುವ ಮೊದಲೇ ಅವಳ ಬೆರಳಿಗೆ ವಾರ್ನಿಷ್ ಹತ್ತಿತ್ತು. ಕೋರ್ಸು ಮುಗಿದ ಮೇಲೆ ಅದೇ ಅಂಗಡಿಯಲ್ಲಿ ಕುಳಿತು ಮೋಟಾರು ಕಟ್ಟುತ್ತಿದ್ದಳು. ರೈತರು ಬಂದರೆ ಅವಳನ್ನು ನೋಡಿ, "ಮಾಮಾ ಎಲ್ಲಿ ಹ್ವಾದರವಾ, ಕರಿ" ಎನ್ನುತ್ತಿದ್ದರಂತೆ. ಮೋಟಾರು ಕಟ್ಟಿದವಳು ಅವಳೇ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ. ತನ್ನ ಹೆಸರಿನ ಮುಂದೆ ಟೆಕ್ನಿಷಿಯನ್ ಎಂದು ಬರೆದ ಒಂದು ಗುರುತಿನ ಚೀಟಿ ಕೊರಳಲ್ಲಿ ಇರಬೇಕು ಎಂಬುದು ಅವಳ ಆಸೆ. ಹುಬ್ಬಳ್ಳಿಗೆ ಕಳಿಸಲು ಮನೆಯಲ್ಲಿ ಒಪ್ಪಿರಲಿಲ್ಲ. ಅಷ್ಟರಲ್ಲಿ ಸೋಲಾರ್ ಪಂಪಿನ ಒಂದು ಕಂಪನಿ ಶಿಗ್ಗಾವಿಯಲ್ಲೇ ದುರಸ್ತಿ ಕೇಂದ್ರ ತೆರೆಯುತ್ತದೆ, ಒಬ್ಬರನ್ನು ತೆಗೆದುಕೊಳ್ಳುತ್ತದೆ ಎಂದು ಸುದ್ದಿ ಬಂತು. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಮನೆಗೆ ಬರಬಹುದಾದ ಕೆಲಸ. ಇಂಥದ್ದು ಇನ್ನೊಂದು ಸಲ ಬರುತ್ತದೆಂದು ಅವಳೂ ನಂಬಿರಲಿಲ್ಲ, ನಾನೂ ನಂಬಿರಲಿಲ್ಲ.

ಮೊದಲ ಸುತ್ತು ಮನೆಯಿಂದಲೇ ಬರೆದು ಕಳಿಸುವುದು, ಇಂಗ್ಲಿಷಿನಲ್ಲಿ. ಎಐ ಬಳಸಬಾರದು ಎಂದು ಮೇಲೆಯೇ ಬರೆದಿದ್ದರು. ಎರಡನೆಯ ಸುತ್ತು ಎದುರುಬದುರು, ಶಿಗ್ಗಾವಿಯಲ್ಲಿ. ಅದಕ್ಕೆ ಕಂಪನಿಯ ಅಧಿಕಾರಿ ಶ್ರೀಧರ ಎಂಬವರು ಬಂದಿದ್ದರು. ತಾಳ್ಮೆಯ ಮನುಷ್ಯ, ಚಹಾ ತಂದುಕೊಟ್ಟವರಿಗೂ ಎದ್ದು ಕೈಮುಗಿಯುತ್ತಿದ್ದರು. ಎರಡನೆಯ ಸುತ್ತಿಗೆ ಉಳಿದವರು ಕೆಲವರೇ. ಅವರಲ್ಲಿ ರೇಶ್ಮಾಳ ಉತ್ತರಗಳೇ ಎಲ್ಲಕ್ಕಿಂತ ಚೆನ್ನಾಗಿವೆ ಎಂದು ಶ್ರೀಧರ ಮೊದಲೇ ಹೇಳಿದ್ದರು. ನಾನು ಒಳಗೊಳಗೇ ಉಬ್ಬಿಹೋಗಿದ್ದೆ. ಅವಳು ನನ್ನ ವಿದ್ಯಾರ್ಥಿನಿ ಎಂದೂ ಅವರಿಗೆ ಹೇಳಿದ್ದೆ, ಮುಚ್ಚಿಟ್ಟಿರಲಿಲ್ಲ.

ರೇಶ್ಮಾ ಬಂದು ಕುಳಿತಳು. ಊಟ ಆತೇನು ಎಂದೆ. ಹೂಂ ಎಂದಳು, ಆಗಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ಮೊದಲ ಪ್ರಶ್ನೆಗಳೆಲ್ಲ ಸಲೀಸಾಗಿ ಹೋದವು. ಆಮೇಲೆ ಶ್ರೀಧರ ಲ್ಯಾಪ್‌ಟಾಪಿನಲ್ಲಿ ಅವಳ ಬರೆಹ ತೆಗೆದು, ಬಾವಿಯಿಂದ ಎತ್ತಿದ ಮೋಟಾರನ್ನು ಮೊದಲು ಹೇಗೆ ತಪಾಸಣೆ ಮಾಡುತ್ತೀರಿ ಎಂಬುದಕ್ಕೆ ಬಹಳ ಒಳ್ಳೆಯ ಉತ್ತರ ಬರೆದಿದ್ದೀರಿ ಎಂದರು. ಚೀಲದಿಂದ ಒಂದು ಮೆಗ್ಗರ್ ತೆಗೆದು ಮೇಜಿನ ಮೇಲಿಟ್ಟರು. ಪಕ್ಕದಲ್ಲೇ ಒಂದು ಮೋಟಾರು ಇತ್ತು. ನೀವು ಬರೆದಂತೆ ಇದರಿಂದ ಮಾಡಿ ತೋರಿಸಿ ಎಂದರು.

ತಿಳಿಯದವರಿಗೆ ಒಂದು ಮಾತು. ಮೆಗ್ಗರ್ ಎಂದರೆ ಮೋಟಾರಿನ ತಂತಿಯ ಮೇಲಿನ ಹೊದಿಕೆ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಡಬ್ಬಿ. ಹಿಡಿಕೆ ತಿರುವಿದರೆ ಮುಳ್ಳು ಓಡುತ್ತದೆ. ಸಣ್ಣ ಅಂಗಡಿಗಳಲ್ಲಿ ಅದು ಇರುವುದಿಲ್ಲ. ಅಲ್ಲಿ ಒಂದು ಬಲ್ಬಿಗೆ ಎರಡು ತಂತಿ ಬಿಟ್ಟುಕೊಂಡು, ಒಂದನ್ನು ಮೋಟಾರಿನ ಸುರುಳಿಗೆ, ಇನ್ನೊಂದನ್ನು ಮೈಗೆ ಮುಟ್ಟಿಸುತ್ತಾರೆ. ಬಲ್ಬು ಹೊತ್ತಿಕೊಂಡರೆ ಮೋಟಾರು ಹೋಗಿದೆ. ಆದರೆ ಹೊತ್ತಿಕೊಳ್ಳದಿದ್ದರೆ ಮೋಟಾರು ಚೆನ್ನಾಗಿದೆ ಎಂದಲ್ಲ. ಒಳಗೆ ನೀರು ಜಿನುಗಿ ನಾಳೆ ಕೆಡುವ ಮೋಟಾರನ್ನು ಇವತ್ತೇ ಹಿಡಿಯುವುದು ಮೆಗ್ಗರ್ ಒಂದೇ. ನಮ್ಮ ಕೇಂದ್ರಗಳಿಗೆಲ್ಲ ಸೇರಿ ಇದ್ದ ಒಂದು ಮೆಗ್ಗರ್ ಸರದಿಯ ಮೇಲೆ ಬರುತ್ತಿತ್ತು. ರೇಶ್ಮಾ ನಾನು ಅದನ್ನು ತಿರುವುವುದನ್ನು ಹಿಂದಿನ ಸಾಲಿನಿಂದ ನೋಡಿದ್ದಳು, ಕೈಯಲ್ಲಿ ಹಿಡಿದಿರಲಿಲ್ಲ.

ಅವಳು ಮೆಗ್ಗರ್ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

ಏನಾಗಿದೆ ಎಂದು ನನಗೆ ಪೂರ್ತಿ ತಿಳಿಯದಿದ್ದರೂ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು. ಆ ಗಳಿಗೆಯಲ್ಲಿ ಅವಳನ್ನು ಪಾರುಮಾಡುವುದು ನನಗೆ ಬಹಳ ಸುಲಭವಾಗಿತ್ತು. ಗಾಬರಿಯಾಗಿದ್ದಾಳೆ, ಕೇಂದ್ರದಲ್ಲಿ ನಾನೇ ಮಾಡಿಸಿದ್ದೇನೆ, ಬಿಡಿ, ಮುಂದಿನ ಪ್ರಶ್ನೆ ಕೇಳಿ ಎಂದರೆ ಶ್ರೀಧರ ನಂಬುತ್ತಿದ್ದರು. ಮಾತು ನಾಲಗೆಯ ತುದಿಗೆ ಬಂದಿತ್ತು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ತಲೆ ತಗ್ಗಿಸಿ ಸೀರೆಯ ಅಂಚು ನೋಡುತ್ತ ಕುಳಿತೆ.

"ಸರ್, ಇದು ನಾ ಬರದದ್ದಲ್ರಿ" ಎಂದಳು ರೇಶ್ಮಾ. "ನಾ ಕನ್ನಡದಾಗ ಬಲ್ಬಿಲೆ ನೋಡ್ತೇನಿ ಅಂತ ಬರದಿದ್ದೆ. ನನಗ ಅಷ್ಟು ಇಂಗ್ಲಿಷ್ ಬರಂಗಿಲ್ರಿ. ಇಂಗ್ಲಿಷ್ ಮಾಡಿಕೊಡು, ಚಂದ ಮಾಡು ಅಂತ ಎಐಗೆ ಕೊಟ್ಟೆ. ಅದು ಬಲ್ಬ್ ತಗದು ಮೆಗ್ಗರ್ ಮಾಡೇತಿ. ನಾ ತಿರಗಿ ಓದಲಾರದ ಕಳಿಸಿಬಿಟ್ಟೇನಿ."

ಶ್ರೀಧರ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿ ಉಳಿದ ಉತ್ತರಗಳನ್ನೂ ಒಂದೊಂದಾಗಿ ಕೇಳಿದರು. ಉಳಿದವೆಲ್ಲ ಅವಳವೇ ಆಗಿದ್ದವು, ಮಾತು ಮಾತ್ರ ಎಐಯದು. ಹಾಗಾದರೆ ಬಲ್ಬಿನಿಂದಲೇ ತೋರಿಸಿ ಎಂದರು. ತೋರಿಸಿದಳು. ಮೆಗ್ಗರ್ ಇಟ್ಟಲ್ಲೇ ಇತ್ತು. ಅವಳನ್ನು ಹೊರಗೆ ಕೂರಲು ಹೇಳಿ ಶ್ರೀಧರ ನನ್ನ ಕಡೆ ತಿರುಗಿದರು. ನನಗೆ ಸಿಟ್ಟೋ ದುಃಖವೋ ತಿಳಿಯಲಿಲ್ಲ, ದನಿ ಏರಿತು.

"ಅಲ್ರಿ, ನಿಮ್ಮ ಪಂಪ್ ಏನು ಇಂಗ್ಲಿಷ್ ಮಾತಾಡ್ತಾವೇನ್ರಿ? ಹುಲಗೂರ ರೈತನ ಕೂಡ ಆಕಿ ಯಾವ ಭಾಷಾದಾಗ ಮಾತಾಡಬೇಕು?"

ಅವರು ತಪ್ಪಾಗಿ ತಿಳಿಯಲಿಲ್ಲ. ನಮ್ಮ ಪರೀಕ್ಷೆ ಕನ್ನಡದಲ್ಲಿ ಇರಬೇಕಾಗಿತ್ತು, ಅದು ನಮ್ಮದೇ ತಪ್ಪು, ಮುಂದಿನ ಸಲದಿಂದ ಹಾಗೆ ಮಾಡಿಸುತ್ತೇನೆ ಎಂದರು. ಇಂಗ್ಲಿಷ್ ಬರುವುದಿಲ್ಲ, ಕನ್ನಡದಲ್ಲಿ ಬರೆಯಲೇ ಎಂದು ಅವಳು ಒಂದು ಫೋನು ಮಾಡಿದ್ದರೂ ಬರೆಯಿರಿ ಎನ್ನುತ್ತಿದ್ದೆ ಎಂದರು. ಕದ್ದು ಕೇಳೋ ಚಟಾ ಬಿಡಸ್ರಿ ಎಂದಿದ್ದ ಸಾಹೇಬರ ಮಾತು ನೆನಪಾಗಿ ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಆಮೇಲೆ ಅವರು ಇನ್ನೊಬ್ಬನ ಉತ್ತರ ತೆಗೆದು ತೋರಿಸಿದರು. ಹಂಸಭಾವಿಯ ಚನ್ನಬಸು ಎಂಬ ಹುಡುಗನದು. ಇಂಗ್ಲಿಷ್ ಎಂದರೆ ಅದೆಂಥ ಇಂಗ್ಲಿಷ್, ಕ್ರಿಯಾಪದ ಒಂದು ಊರು, ಕರ್ತೃ ಒಂದು ಊರು. ಆದರೆ ಎಲ್ಲ ಸ್ವಂತದ್ದು, ವಿಷಯವೂ ಸರಿಯಿತ್ತು. ಆ ಇಂಗ್ಲಿಷಿನಿಂದಾಗಿಯೇ ಅವನಿಗೆ ರೇಶ್ಮಾಳಿಗಿಂತ ಕಡಿಮೆ ಅಂಕ ಬಂದಿತ್ತು. ಎದುರಿನ ಸುತ್ತಿನಲ್ಲೂ ಅವನು ಬಲ್ಬಿನಿಂದಲೇ ಮಾಡಿ ತೋರಿಸಿದ್ದ.

"ನಿಯಮ ಪಾಲಿಸಿ ಹಿಂದೆ ಬಿದ್ದ ಇವನಿಗೆ ನಾನು ಏನು ಹೇಳಲಿ, ಮೇಡಂ? ನೀವೇ ಹೇಳಿ" ಎಂದರು.

ಆಯ್ಕೆಯ ಹಾಳೆಯನ್ನು ನನ್ನ ಕಡೆ ಎಳೆದುಕೊಂಡೆ. ಚನ್ನಬಸುವಿನ ಹೆಸರಿನ ಮುಂದೆ ಸಹಿ ಹಾಕಿದೆ. ಅಷ್ಟು ವರ್ಷ ಎಷ್ಟೋ ಸಹಿ ಹಾಕಿದ್ದೇನೆ, ಅದೊಂದೇ ನನ್ನ ಹೊಟ್ಟೆಯಲ್ಲಿ ಕುಳಿತಿದೆ. ಸರಿಯಾದ ಸಹಿಯೇ ಅದು, ಇವತ್ತಿಗೂ ಹಾಗೇ ಅನ್ನುತ್ತೇನೆ, ಆದರೂ ನೋಯುತ್ತದೆ.

ರೇಶ್ಮಾಳಿಗೆ ಸುದ್ದಿಯನ್ನು ನಾನೇ ಹೇಳಿದೆ. ಅವಳು ತಲೆಯಾಡಿಸಿದಳು, ಓಡಣಿ ಸರಿಮಾಡಿಕೊಂಡಳು. ಇಬ್ಬರೂ ಬಸ್ ನಿಲ್ದಾಣಕ್ಕೆ ನಡೆದೆವು. ದಾರಿಯಲ್ಲಿ ಒಂದು ಹೋಟೆಲಿನಲ್ಲಿ ಕೂರಿಸಿ ಬಲವಂತದಿಂದ ಉಪ್ಪಿಟ್ಟು ತಿನ್ನಿಸಿದೆ. ತಿನ್ನುವಾಗ ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಂಡು ತಟ್ಟೆ ಖಾಲಿ ಮಾಡಿದಳು. ಬಸ್ಸು ತಡವಾಗಿ ಬಂತು. ಕಾಯುವಾಗ, ಮೆಗ್ಗರ್ ಎಲ್ಲಿ ಸಿಗುತ್ತದೆ, ಒಂದು ಸಲ ಹಿಡಿದು ನೋಡಬೇಕು ಎಂದು ಕೇಳಿದಳು. ಬರುವ ಭಾನುವಾರ ಹಾನಗಲ್ಲಿಗೆ ಬಾ, ಕೇಂದ್ರದಿಂದ ಕೇಳಿ ತಂದಿಟ್ಟಿರುತ್ತೇನೆ ಎಂದೆ.

ಹುಲಗೂರಿನ ಬಸ್ಸು ಬಂದು ನಿಂತಿತು. ಅವಳು ಹತ್ತುವ ಮೊದಲು ನನಗೆ ಕೇಳದೆ ಇರಲಾಗಲಿಲ್ಲ.

"ಅಂಥಾ ಹೊತ್ತಿನ್ಯಾಗ ನನ್ನ ಮಾರಿ ನೋಡಿದೆಲ್ಲಾ, ನಾ ಸುಮ್ಮನ ಕುಂತ್ನಿ. ಸಿಟ್ಟ ಬಂದಿಲ್ಲೇನವಾ?"

ರೇಶ್ಮಾ ಬಸ್ಸಿನ ಕಂಬಿ ಹಿಡಿದುಕೊಂಡು ನನ್ನ ಕಡೆ ತಿರುಗಿದಳು.

"ನೀವು ಹೂಂ ಅಂದಿದ್ರ ನಾನೂ ಹೂಂ ಅಂದಬಿಡ್ತಿದ್ನಿರಿ, ಅಕ್ಕೋರ. ಆಮ್ಯಾಲ ದಿನಾ ಮುಂಜಾನೆ ಆ ಗುರುತಿನ ಚೀಟಿ ಕೊರಳಾಗ ಹಾಕ್ಕೊಳ್ಳಾಕ ನನಗ ಅಂಜಿಕಿ ಆಗ್ತಿತ್ತು."